ಹೇನಿನ ಹೊಟ್ಟೆಯಲ್ಲೂ ಗಂಟು!

ನಮ್ಮದು ಮಧುಗಿರಿ-ಕೊರಟಗೆರೆ ಗಡಿಯ ಮಳೆಯಾಶ್ರಿತ ಹೊಲ. ರಾಗಿ, ನಡುನಡುವೆ ಅವರೆಯ ಅಕ್ಕಡಿ ಸಾಲು. ರಾಗಿ ಕುಯ್ದ ಮೇಲೂ ಅವರೆ ಹೊಲದಲ್ಲೇ ನಿಂತಿರುತ್ತದೆ. ಸಂಕ್ರಾಂತಿ ಹೊತ್ತಿಗೆ ಸೊಗಡಿನ ಕಾಯಿ ಮಾರಿ ಬರುವ ದುಡ್ಡೇ ಮನೆಯ ಕೈಕಾಸು.

ಕಳೆದ ಸಲ ಹೂವಿನ ಸಮಯಕ್ಕೆ ಸರಿಯಾಗಿ ಮೋಡ, ಮಂಜು. ವಾರದೊಳಗೆ ಕುಡಿ, ಹೂಗೊನೆ ಎಲ್ಲ ಕರಿ ಹೇನಿನಿಂದ ಮುಚ್ಚಿಹೋದವು. ಎಲೆ ಮೇಲೆ ಅಂಟು, ಅಂಟಿಗೆ ಇರುವೆ ಸಾಲು. ಮೊದಲ ಬಿಡಿಸು ಹೋಯಿತು ಅಂತಲೇ ಲೆಕ್ಕ.

ಹಬ್ಬಕ್ಕೆ ಬಂದಿದ್ದ ತಮ್ಮನ ಮಗಳು ಬೆಂಗಳೂರಿನ ಜಿ.ಕೆ.ವಿ.ಕೆ.ಯಲ್ಲಿ ಕೃಷಿ ಓದುತ್ತಿದ್ದಾಳೆ. ಹೊಲಕ್ಕೆ ಬಂದವಳು ಒಂದು ಪ್ರಶ್ನೆ ಹಾಕಿದಳು. "ದೊಡ್ಡಪ್ಪ, ಗಿಡದ ರಸದಲ್ಲಿ ಇರೋದೆಲ್ಲ ಬರೀ ಸಕ್ಕರೆ. ಮೈ ಬೆಳೆಯೋಕೆ ಬೇಕಾದ ಸತ್ವ ತೀರಾ ಕಮ್ಮಿ. ಸಕ್ಕರೆ ನೀರು ಕುಡ್ಕೊಂಡು ಈ ಹೇನು ಹಿಂಗೆ ಮರಿ ಹಾಕ್ತದಲ್ಲ, ಹೆಂಗೆ?"

ಹೌದಲ್ಲ! ಕುಡಿದ ಸಕ್ಕರೆ ಹೆಚ್ಚಾಗಿ ಹೊರಗೆ ಹಾಕಿದ್ದೇ ಆ ಅಂಟು. ಹಾಗಾದರೆ ಮಿಕ್ಕ ಸತ್ವ ಎಲ್ಲಿಂದ?

ಅವಳು ಒಂದು ಅವರೆ ಗಿಡ ಕಿತ್ತು ಬೇರಿನ ಗಂಟು ತೋರಿಸಿದಳು. ಗಂಟಿನೊಳಗೆ ರೈಜೋಬಿಯಂ ಕುಳಿತು ಗಾಳಿಯ ಸಾರಜನಕ ಹಿಡಿದು ಗಿಡಕ್ಕೆ ಕೊಡುವುದು ನಮಗೆಲ್ಲ ಗೊತ್ತು. ಕಡ್ಲೆಕಾಯಿ ಬಿತ್ತುವ ಸಿರಾ, ಪಾವಗಡದವರಿಗಂತೂ ಹೇಳಬೇಕಾಗಿಯೇ ಇಲ್ಲ. ಹೇನಿನ ಹೊಟ್ಟೆಯಲ್ಲೂ ಅಂಥದೇ ಗಂಟಿದೆಯಂತೆ. ಅದಕ್ಕೆಂದೇ ಇರುವ ಜೀವಕೋಶಗಳು, ಅವುಗಳೊಳಗೆ ಬುಕ್ನೆರಾ ಎಂಬ ಬ್ಯಾಕ್ಟೀರಿಯಾ. ಜರ್ಮನಿಯ ಪಾಲ್ ಬುಕ್ನರ್ ಎಂಬ ಪ್ರಾಣಿಶಾಸ್ತ್ರಜ್ಞರ ಹೆಸರು ಅದಕ್ಕೆ. ರಸದಲ್ಲಿ ಸಾಲದ ಅಮೈನೋ ಆಮ್ಲಗಳನ್ನು ತಯಾರಿಸಿ ಹೇನಿಗೆ ಕೊಡುವುದು ಇದರ ಕೆಲಸ. ಗಂಡಿನ ಹಂಗಿಲ್ಲದೆ ಹೇನು ಮರಿ ಹಾಕುತ್ತದಲ್ಲ, ಆ ಮರಿ ಹುಟ್ಟುವಾಗಲೇ ತಾಯಿಯಿಂದ ಬ್ಯಾಕ್ಟೀರಿಯಾವನ್ನೂ ಪಡೆದಿರುತ್ತದೆ. ಕೋಟ್ಯಂತರ ವರ್ಷದ ಕೂಡುಬಾಳು. ಈಗ ಹೇನು ಬಿಟ್ಟು ಅದಿಲ್ಲ, ಅದು ಬಿಟ್ಟು ಹೇನಿಲ್ಲ.

ನನ್ನ ತಲೆ ಓಡಿತು. ಬ್ಯಾಕ್ಟೀರಿಯಾ ಸತ್ತರೆ ಹೇನೂ ಸತ್ತಂತೆ! ಸಿರಾ ಕಡೆ ದಾಳಿಂಬೆ ಇಟ್ಟಿರುವ ಷಡ್ಡಕರು ದುಂಡಾಣು ರೋಗಕ್ಕೆಂದು ತಂದು ಉಳಿದಿದ್ದ ಸ್ಟ್ರೆಪ್ಟೋಸೈಕ್ಲಿನ್ ಪೊಟ್ಟಣಗಳು ನಮ್ಮ ಅಟ್ಟದಲ್ಲಿದ್ದವು. ಸಂಜೆಗೆ ಡ್ರಮ್ಮಿಗೆ ನೀರು ತುಂಬಿಯೂ ಆಯಿತು.

ಹುಡುಗಿ ಅಡ್ಡ ಬಂದಳು. ಪ್ರಯೋಗಶಾಲೆಯಲ್ಲಿ ಆ್ಯಂಟಿಬಯಾಟಿಕ್ ಕೊಟ್ಟ ಹೇನು ಬೆಳೆಯದೆ, ಮರಿ ಹಾಕದೆ ಹೋದದ್ದು ನಿಜವಂತೆ. ಆದರೆ ಅಲ್ಲಿ ಔಷಧಿಯನ್ನು ಹೇನಿನ ಮೈಯೊಳಗೇ ಸೇರಿಸಿರುತ್ತಾರೆ. ಹೊಲದಲ್ಲಿ ಹೊಡೆದದ್ದು ಬಹುಪಾಲು ಎಲೆ ಮೇಲೆ, ಮಣ್ಣಿಗೆ. ಸ್ಟ್ರೆಪ್ಟೋಮೈಸಿನ್ ಕ್ಷಯಕ್ಕೂ ಕೊಡುವ ಔಷಧಿ. ಹೊಲದಲ್ಲಿ ಚೆಲ್ಲಿದರೆ ರೋಗಾಣುಗಳು ಅದಕ್ಕೆ ಬಗ್ಗದಂತಾಗುತ್ತವೆ. "ನಾಳಿದ್ದು ಕಾಯಿ ಬಿಡಿಸಿ ಸಂತೆಗೆ ಕಳಿಸ್ತೀಯ, ದೊಡ್ಡಪ್ಪ" ಎಂದಳು. ನನಗೆ ನಾಟಿದ್ದು ಇನ್ನೊಂದು. ಬೇರಿನ ಗಂಟಿನಲ್ಲಿರುವುದೂ ಬ್ಯಾಕ್ಟೀರಿಯಾವೇ. ಮಣ್ಣಿಗೆ ಬಿದ್ದ ಔಷಧಿ ನಮ್ಮದು ಯಾವುದು, ಹೇನಿನದು ಯಾವುದು ಎಂದು ಕೇಳಿ ಕೊಲ್ಲುತ್ತದೆಯೇ?

ಬಿಸಿಲೇರಿದರೆ ತಾನಾಗಿ ಹೋದೀತೆಂದು ಕಾಯುವ ಹಾಗೂ ಇಲ್ಲ. ಅಮೆರಿಕದಲ್ಲಿ 2007ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಬಟಾಣಿ ಹೇನಿನ ಕೆಲವು ವಂಶಗಳಿಗೆ 35 ಡಿಗ್ರಿ ಕಾವು ಕೆಲವು ಗಂಟೆ ತಾಗಿದ್ದಕ್ಕೇ ಬುಕ್ನೆರಾ ಬಹುಪಾಲು ಸತ್ತು, ಹೇನಿನ ಸಂತಾನವೇ ನಿಂತಿತಂತೆ. ನಮ್ಮ ಕರಿ ಹೇನು ಗಟ್ಟಿ ಪಿಂಡ. ಪಾವಗಡದ ಬಿಸಿಲಲ್ಲೂ ಕಡ್ಲೆಕಾಯಿ ಮೇಲೆ ಬದುಕುತ್ತದೆ.

ಕೊನೆಗೆ ಮಾಡಿದ್ದು ಹಳೇ ಕೆಲಸವೇ. ಹೇನು ಮುತ್ತಿದ ಕುಡಿಗಳನ್ನು ಚಿವುಟಿ ಸುಟ್ಟೆವು. 10 ಲೀಟರ್ ನೀರಿಗೆ ಅರ್ಧ ಕಿಲೋ ಬೇವಿನ ಬೀಜದ ತಿರುಳು ಕುಟ್ಟಿ ರಾತ್ರಿ ನೆನೆಹಾಕಿ, ಸೋಸಿ, ಚೂರು ಸೋಪು ಕಲಸಿ ಸಂಜೆ ಹೊತ್ತು ಹೊಡೆದೆವು. ಗುಲಗಂಜಿ ಹುಳು ಕಂಡ ಸಾಲುಗಳಿಗೆ ಅದನ್ನೂ ಹೊಡೆಯಲಿಲ್ಲ. ಆ ಸಾಲುಗಳಲ್ಲೇ ಹೇನು ಬೇಗ ಇಳಿಯಿತು ಎನ್ನಬೇಕು. ಹೂವಿಗೆ ಮುಂಚೆ ನಾನು ಆಸೆಗೆ ಯೂರಿಯಾ ಎರಚಿದ್ದ ಮೂಲೆಯಲ್ಲಿ ಮಾತ್ರ ಕುಡಿ ಮೆತ್ತಗೆ, ರಸ ಹೆಚ್ಚು. ಹೇನು ಅಲ್ಲಿಂದ ಕದಲಲೇ ಇಲ್ಲ. ಬೇರಿನಲ್ಲಿ ಗಂಟಿರುವ ಬೆಳೆಗೆ ಯೂರಿಯಾ ಕೊಟ್ಟ ಜಾಣ ನಾನು.

ಎರಡನೇ ಬಿಡಿಸು ಪರವಾಗಿಲ್ಲ ಎನ್ನುವಷ್ಟು ಸಿಕ್ಕಿತು. ಪೊಟ್ಟಣಗಳನ್ನು ಷಡ್ಡಕರಿಗೆ ವಾಪಸು ಕೊಟ್ಟೆ. ದಾಳಿಂಬೆಗೆ ಬೇಕು ಅಂತ ತೆಗೆದಿಟ್ಟುಕೊಂಡರು. ಅವರಿಗೂ ನನ್ನ ತಮ್ಮನ ಮಗಳಿಗೂ ಆ ವಿಷಯದಲ್ಲಿ ಇನ್ನೂ ವಾದ ನಡೆಯುತ್ತಿದೆ.