ಹಾಸ್ಟೆಲ್ ಕೋಣೆಯ ಕುಲಪತಿ

ನ್ಯಾಷನಲ್ ಕಾಲೇಜು ಎಂದರೆ ಈಗಿನ ಬೆಂಗಳೂರಿನ ಅನೇಕ ಹುಡುಗ ಹುಡುಗಿಯರಿಗೆ ಒಂದು ಮೆಟ್ರೊ ನಿಲ್ದಾಣ. ಆ ಕಾಲೇಜಿನ ಹಾಸ್ಟೆಲಿನಲ್ಲಿ ಜೀವಮಾನ ಕಳೆದ ಡಾ. ಎಚ್. ನರಸಿಂಹಯ್ಯ ಅವರ ಹೆಸರು ಹೇಳಿದರೆ ‘ಯಾರವರು?’ ಎಂದು ಕೇಳುವವರೇ ಹೆಚ್ಚು. ಹಳೆಯ ವಿದ್ಯಾರ್ಥಿಗಳ ಬಾಯಲ್ಲಿ ಅವರು ಬರೀ ‘ಎಚ್ಚೆನ್’. ಖಾದಿ ಪಂಚೆ, ಜುಬ್ಬ, ಗಾಂಧಿ ಟೋಪಿ. ಮದುವೆಯಾಗಲಿಲ್ಲ, ಮನೆ ಕಟ್ಟಿಸಲಿಲ್ಲ. ಬಾಯಿಚಪಲ ಅಂತ ಇದ್ದದ್ದು ಉಪ್ಪಿಟ್ಟಿನ ಮೇಲೆ ಮಾತ್ರ!

ಹುಟ್ಟಿದ್ದು 1920ರಲ್ಲಿ, ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಕುಟುಂಬದಲ್ಲಿ. ತಾಯಿ ಕೂಲಿ ಮಾಡುತ್ತಿದ್ದರು. ಓದಬೇಕೆಂಬ ಹಟಕ್ಕೆ ಹುಡುಗ ಊರಿನಿಂದ ಬೆಂಗಳೂರಿಗೆ ನಡೆದೇ ಬಂದ. 1936ರಲ್ಲಿ ಗಾಂಧೀಜಿ ನ್ಯಾಷನಲ್ ಹೈಸ್ಕೂಲಿಗೆ ಬಂದಾಗ ಅವರ ಹಿಂದಿ ಭಾಷಣವನ್ನು ಕನ್ನಡದಲ್ಲಿ ಹೇಳಿದವನು ಇದೇ ವಿದ್ಯಾರ್ಥಿ. 1942ರ ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಓದು ಬಿಟ್ಟು ಜೈಲಿಗೆ ಹೋದರು, ಹೊರಬಂದು ಭೌತವಿಜ್ಞಾನದ ಓದು ಮುಗಿಸಿ ನ್ಯಾಷನಲ್ ಕಾಲೇಜಿನಲ್ಲೇ ಮೇಷ್ಟ್ರಾದರು. ಅಮೆರಿಕದ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪರಮಾಣು ಭೌತವಿಜ್ಞಾನದ ಡಾಕ್ಟರೇಟ್ ಪಡೆದ ಮೇಲೂ ಮರಳಿದ್ದು ಅದೇ ಕಾಲೇಜಿಗೆ, ಅದೇ ಹಾಸ್ಟೆಲಿಗೆ.

ಇಷ್ಟಕ್ಕೇ ನಿಂತಿದ್ದರೆ ಅವರು ‘ಸರಳ ಜೀವಿ’ ಎನಿಸಿಕೊಂಡು ಜಯಂತಿಯ ಭಾಷಣಗಳಲ್ಲಿ ಕಳೆದುಹೋಗುತ್ತಿದ್ದರು. ಎಚ್ಚೆನ್ ಹಾಗೆ ಸುಲಭಕ್ಕೆ ಕೈಗೆ ಸಿಗುವವರಲ್ಲ. 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಹುಟ್ಟುಹಾಕಿ, ವಿಜ್ಞಾನಿಗಳನ್ನು ಕರೆಸಿ ಜನಸಾಮಾನ್ಯರ ಮುಂದೆ ಮಾತಾಡಿಸಿದರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡ ಮತ್ತು ಮೂಢನಂಬಿಕೆಗಳನ್ನು ಪರಿಶೀಲಿಸಲು ಸಮಿತಿಯೊಂದನ್ನು ರಚಿಸಿದರು. ಸತ್ಯಸಾಯಿ ಬಾಬಾ ಅವರಿಗೂ ಪತ್ರ ಬರೆದು, ಪವಾಡಗಳ ಪರೀಕ್ಷೆಗೆ ಒಪ್ಪುವಂತೆ ಕೇಳಿದರು. ಮಂತ್ರಿಗಳು, ಅಧಿಕಾರಿಗಳು ಸಾಲಾಗಿ ಬಾಬಾ ಅವರ ಪುಟ್ಟಪರ್ತಿಗೆ ಹೋಗುತ್ತಿದ್ದ ಕಾಲ ಅದು. ಕುಲಪತಿಯೊಬ್ಬರಿಗೆ ಇದೆಲ್ಲ ಯಾಕೆ ಬೇಕಿತ್ತು ಎಂದವರು ಕಡಿಮೆಯಿರಲಿಲ್ಲ.

ಆ ಧೈರ್ಯ ಎಲ್ಲಿಂದ ಬಂತು? ದೊಡ್ಡ ಪಾಲು ಆ ಹಾಸ್ಟೆಲ್ ಕೋಣೆಯಿಂದಲೇ ಬಂತು ಎನ್ನಬೇಕು. ಕುರ್ಚಿ ಹೋದರೆ ಬಂಗಲೆ ಹೋಗುತ್ತದೆ, ಕಾರು ಹೋಗುತ್ತದೆ ಎಂಬ ಭಯ ಇದ್ದವರು ಬಾಯಿ ಬಿಡುವ ಮುಂಚೆ ಹತ್ತು ಸಲ ಯೋಚಿಸುತ್ತಾರೆ. ಎಚ್ಚೆನ್‌ಗೆ ಕಳೆದುಕೊಳ್ಳಲು ಹೆಚ್ಚೇನೂ ಇರಲಿಲ್ಲ. ಹಾಗೆ ಇಟ್ಟುಕೊಂಡವರೂ ಅವರೇ. ಪ್ರಾಮಾಣಿಕತೆಗೂ ತಿಂಗಳ ಖರ್ಚಿಗೂ ಇರುವ ಈ ನಂಟನ್ನು ನಮ್ಮ ನೀತಿಪಾಠಗಳು ಹೇಳುವುದೇ ಇಲ್ಲ. ‘ಸತ್ಯ ಹೇಳು’ ಎನ್ನುತ್ತೇವೆ, ಸತ್ಯ ಹೇಳಿದ ಮೇಲೆ ಕಂತು ಕಟ್ಟುವುದು ಹೇಗೆ ಎಂಬುದನ್ನು ಮಾತ್ರ ಹೇಳುವುದಿಲ್ಲ.

ಮೊದಲ ಸಂಬಳ ಬರುವ ಮುಂಚೆಯೇ ಫೋನು, ಬೈಕು, ಕ್ರೆಡಿಟ್ ಕಾರ್ಡು ಎಲ್ಲದರ ಕಂತೂ ಸಿದ್ಧವಾಗಿರುವ ಕಾಲವಿದು. ಇಪ್ಪತ್ನಾಲ್ಕನೇ ವಯಸ್ಸಿಗೇ ಸಂಬಳದ ಅರ್ಧ ಸಾಲಕ್ಕೆ ಹೋದರೆ, ಮೇಲಿನವರು ‘ಈ ಲೆಕ್ಕ ಸ್ವಲ್ಪ ಸರಿಮಾಡಿ ಬರೆದುಬಿಡಪ್ಪ’ ಎಂದಾಗ ಆಗಲ್ಲ ಎನ್ನುವುದು ಕಷ್ಟ. ಕೆಟ್ಟವರಾಗಬೇಕೆಂದು ಯಾರೂ ಹೊರಡುವುದಿಲ್ಲ. ಕಂತಿನ ತಾರೀಖು ಹತ್ತಿರ ಬರುತ್ತದೆ, ಅಷ್ಟೆ.

ಕೈಯಲ್ಲಿ ಕಾಸೇ ಇಲ್ಲದವರ ಕಥೆ ಬೇರೆ ಎನ್ನಬಹುದು. ಆದರೆ ಹಾಗೇನೂ ಇಲ್ಲ. ಮಂಗಳೂರಿನಲ್ಲಿ ಬುಟ್ಟಿ ಹೊತ್ತು ಕಿತ್ತಳೆ ಮಾರುತ್ತಿದ್ದ ಹರೇಕಳ ಹಾಜಬ್ಬ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ವಿದೇಶಿಯರೊಬ್ಬರು ಇಂಗ್ಲಿಷಿನಲ್ಲಿ ಹಣ್ಣಿನ ಬೆಲೆ ಕೇಳಿದಾಗ ಉತ್ತರಿಸಲಾಗದ ಸಂಕಟ ಅವರನ್ನು ಕಾಡಿತು. ಹಣ್ಣು ಮಾರಿದ ಪುಡಿಗಾಸಿನಲ್ಲೇ ಉಳಿಸಿ, ಕಚೇರಿಯಿಂದ ಕಚೇರಿಗೆ ಅಲೆದು, ದಾನಿಗಳನ್ನು ಕಂಡು ತಮ್ಮೂರು ನ್ಯೂಪಡ್ಪುವಿನಲ್ಲಿ ಶಾಲೆ ಮಾಡಿಸಿದರು. 2020ರಲ್ಲಿ ಪದ್ಮಶ್ರೀ ಘೋಷಣೆಯಾಯಿತು. 2021ರ ನವೆಂಬರ್‌ನಲ್ಲಿ ಬರಿಗಾಲಲ್ಲೇ ರಾಷ್ಟ್ರಪತಿ ಭವನಕ್ಕೆ ಹೋಗಿ ಅದನ್ನು ಪಡೆದರು.

ಎಲ್ಲರೂ ಎಚ್ಚೆನ್ ಹಾಗೆ ಬದುಕಲಾಗದು, ಬದುಕಬೇಕಾಗಿಯೂ ಇಲ್ಲ. ಅಪ್ಪ ಅಮ್ಮನ ಔಷಧಿ, ತಂಗಿಯ ಫೀಸು ಇರುವ ಮನೆಯ ಮಕ್ಕಳಿಗೆ ಹಾಸ್ಟೆಲ್ ಕೋಣೆಯ ಆದರ್ಶ ಹೇಳುವುದು ಹೊಟ್ಟೆ ತುಂಬಿದವರ ಮಾತಾದೀತು. ಎಚ್ಚೆನ್ ಅವರಿಂದ ಕಲಿಯಬಹುದಾದದ್ದು ಬೇರೆ: ತನಗೆ ಎಷ್ಟು ಸಾಕು ಎಂಬ ಲೆಕ್ಕವನ್ನು ಬೇರೆಯವರು ಹಾಕುವ ಮೊದಲು ತಾನೇ ಹಾಕಿಕೊಳ್ಳುವುದು.

ಎಚ್ಚೆನ್ 2005ರ ಜನವರಿಯಲ್ಲಿ ತೀರಿಕೊಂಡರು. ಅವರ ಆತ್ಮಕಥೆಯ ಹೆಸರು ‘ಹೋರಾಟದ ಹಾದಿ’. ಕೆಲಸಕ್ಕೆ ಸೇರುವ ಮುಂಚಿನ ರಜೆಯಲ್ಲಿ ಒಮ್ಮೆ ಓದಿ. ಒಪ್ಪಿಗೆಯಾಗದ ಮಾತು ಸಿಕ್ಕರೆ ಪ್ರಶ್ನೆ ಮಾಡಿ. ಅವರಿಗೆ ಅಂಥ ಓದುಗರೇ ಬೇಕಿದ್ದರು.