ನವಮಿಯಿಂದ ಹುಣ್ಣಿಮೆಯವರೆಗೆ: ಬೆಂಗಳೂರಿನ ಅರವಟ್ಟಿಗೆಗಳು

ಬೇಸಿಗೆಯಲ್ಲಿ ದಾರಿಹೋಕರಿಗೆ ಬೆಲೆ ಪಡೆಯದೆ ನೀರು, ಮಜ್ಜಿಗೆ, ಪಾನಕಗಳನ್ನು ಕೊಡುವ ಚಪ್ಪರಕ್ಕೆ ಕನ್ನಡದಲ್ಲಿ ಅರವಟ್ಟಿಗೆ ಎಂಬ ಹೆಸರಿದೆ. ಹಳಗನ್ನಡದಲ್ಲಿ ಶಕಟರೇಫದೊಡನೆ ಬರೆಯುತ್ತಿದ್ದ ಈ ಪದದ ಮೊದಲ ಭಾಗವಾದ ‘ಅಱ’ ಎಂಬುದಕ್ಕೆ ಧರ್ಮ ಎಂದು ಅರ್ಥ. ತಮಿಳಿನ ‘ಅಱಂ’ ಅದರ ಒಡಹುಟ್ಟು. ಇದನ್ನೇ ಸಂಸ್ಕೃತದಲ್ಲಿ ಪ್ರಪೆ ಎಂದೂ ತೆಲುಗಿನಲ್ಲಿ ಚಲಿವೇಂದ್ರವೆಂದೂ ತಮಿಳಿನಲ್ಲಿ ತಣ್ಣೀರ್ ಪಂದಲ್ ಎಂದೂ ಕರೆಯುತ್ತಾರೆ. ಕೆರೆ ಕಟ್ಟಿಸುವುದು, ಬಾವಿ ತೋಡಿಸುವುದು, ಸತ್ರ ನಡೆಸುವುದು ಮುಂತಾದ ಪುಣ್ಯಕಾರ್ಯಗಳ ಸಾಲಿನಲ್ಲಿ ಅರವಟ್ಟಿಗೆಗೂ ಶಾಸನಗಳ ಕಾಲದಿಂದಲೇ ಜಾಗವಿದೆ. ಆದರೆ ಕೆರೆಗೆ ಒಬ್ಬ ಅರಸನೋ ಸಾಮಂತನೋ ಬೇಕು, ಸತ್ರಕ್ಕೆ ಉಂಬಳಿಯ ಹೊಲ ಬೇಕು, ಅರವಟ್ಟಿಗೆಗೆ ಮಾತ್ರ ನಾಲ್ಕು ಗಳು, ಒಂದಿಷ್ಟು ತೆಂಗಿನ ಸೋಗೆ, ಎರಡು ಹರವಿ ಮತ್ತು ಬಿಸಿಲಿನಲ್ಲಿ ನಿಂತು ಬಡಿಸಲು ಒಪ್ಪುವ ಐದಾರು ಜನ ಗೆಳೆಯರು ಇದ್ದರೆ ಸಾಕು. ಬೆಂಗಳೂರಿನಂಥ ನಗರದಲ್ಲಿ ಈ ಪದ್ಧತಿ ಇನ್ನೂ ಅಳಿಯದೆ ಉಳಿದಿರುವುದಕ್ಕೆ ಬಹುಶಃ ಈ ಅಗ್ಗದ ಸರಳತೆಯೇ ಕಾರಣ.

ವರ್ಷದ ಉಳಿದ ದಿನಗಳಲ್ಲಿ ಕಣ್ಣಿಗೆ ಬೀಳದ ಈ ಸಂಸ್ಥೆ (ಕಚೇರಿ, ದಾಖಲೆ ಪುಸ್ತಕ, ಅಧ್ಯಕ್ಷ ಯಾವುದೂ ಇಲ್ಲದ್ದನ್ನು ಸಂಸ್ಥೆ ಎನ್ನಬಹುದಾದರೆ) ಚೈತ್ರಮಾಸದಲ್ಲಿ ಒಮ್ಮೆಗೇ ಎಚ್ಚರಗೊಳ್ಳುತ್ತದೆ. ಯುಗಾದಿಯೂ ಸೇರಿ ಒಂಬತ್ತನೆಯ ದಿನಕ್ಕೆ ರಾಮನವಮಿ ಬರುತ್ತದೆ. ಅದಾದ ಆರನೆಯ ದಿನ, ಹುಣ್ಣಿಮೆಯ ರಾತ್ರಿ, ತಿಗಳರಪೇಟೆಯ ಧರ್ಮರಾಯಸ್ವಾಮಿ ದೇವಾಲಯದಿಂದ ಕರಗ ಹೊರಡುತ್ತದೆ. ಮೊದಲನೆಯದು ಹಗಲಿನ ಹಬ್ಬ, ಎರಡನೆಯದು ಇರುಳಿನದು. ಈ ಎರಡರ ನಡುವಿನ ದಿನಗಳೇ ಹಳೆಯ ಬೆಂಗಳೂರಿನ ನಿಜವಾದ ಬೇಸಿಗೆ ಹಬ್ಬವೆಂದು ಹೇಳಬಹುದು, ಏಕೆಂದರೆ ಗೆಳೆಯರ ಗುಂಪುಗಳು ಒಂದು ಬೀದಿಯಿಂದ ಇನ್ನೊಂದು ಬೀದಿಗೆ ಕುಡಿಯುತ್ತಾ, ತಿನ್ನುತ್ತಾ, ಹೋಲಿಸುತ್ತಾ ಅಲೆಯುವುದಕ್ಕೆ ಊರೇ ಒಪ್ಪಿಗೆ ಕೊಟ್ಟಿರುವ ದಿನಗಳು ಇವು.

ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿರುವ ಬೆಂಗಳೂರಿಗೆ ತಂಪಿನ ಊರೆಂಬ ಹೆಸರು ಹಳೆಯದಾದರೂ 2016ರ ಏಪ್ರಿಲ್‌ನಲ್ಲಿ ಇಲ್ಲಿನ ಉಷ್ಣತೆ 39.2 ಡಿಗ್ರಿ ಸೆಲ್ಸಿಯಸ್ ಮುಟ್ಟಿದ್ದುಂಟು. ಹಾಗಿದ್ದರೂ ಇಲ್ಲಿನ ಬಿಸಿಲು ಒಣ ಬಿಸಿಲು, ಮತ್ತು ಮಣ್ಣಿನ ಹರವಿಗೆ ಬೇಕಾದದ್ದೂ ಅದೇ. ಸುಟ್ಟ ಮಣ್ಣಿನ ಸೂಕ್ಷ್ಮ ರಂಧ್ರಗಳಿಂದ ಜಿನುಗಿದ ನೀರು ಆವಿಯಾಗುವಾಗ ಒಳಗಿನ ನೀರಿನ ಶಾಖವನ್ನು ಹೀರಿಕೊಂಡು ಹೋಗುತ್ತದೆ. ಗಾಳಿ ಎಷ್ಟು ಒಣಗಿದ್ದರೆ ಈ ಕೆಲಸ ಅಷ್ಟು ಚುರುಕು. ಮಂಗಳೂರಿನ ಬೆವರಿಳಿಸುವ ತೇವದ ಗಾಳಿಯಲ್ಲಿ ಅಷ್ಟಾಗಿ ತಣಿಯದ ಹರವಿ ಬೆಂಗಳೂರಿನ ಏಪ್ರಿಲ್ ಮಧ್ಯಾಹ್ನದಲ್ಲಿ ಹೊರಮೈಗೆ ಒದ್ದೆ ಬಟ್ಟೆ ಸುತ್ತಿಕೊಂಡು, ತಳಕ್ಕೆ ಮರಳಿನ ಹಾಸು ಪಡೆದು, ಹಲ್ಲು ಜುಮ್ಮೆನ್ನಿಸದಷ್ಟು ಹದವಾದ ತಂಪನ್ನು ಕೊಡುತ್ತದೆ. ಐಸು ಹಾಕಿದ ಪಾನಕ ಗಂಟಲಿಗೆ ತಂಪೆನಿಸಿದರೂ ನಾಲಗೆಯನ್ನು ಜಡಗೊಳಿಸಿ ಏಲಕ್ಕಿಯ ಪರಿಮಳವನ್ನೂ ಮೆಣಸಿನ ಚುರುಕನ್ನೂ ಮರೆಸುತ್ತದೆಂಬ ಹಿರಿಯರ ದೂರಿನಲ್ಲಿ ಹುರುಳಿಲ್ಲದೆ ಇಲ್ಲ.

ಪಾನಕವೆಂಬುದು ಶರಬತ್ತಲ್ಲ. ಶರಬತ್ತಿಗೆ ಸಕ್ಕರೆ ಆಧಾರ, ಪಾನಕಕ್ಕೆ ಬೆಲ್ಲ. ಶರಬತ್ತು ಬಣ್ಣದಿಂದ ಕರೆಯುತ್ತದೆ, ಪಾನಕ ವಾಸನೆಯಿಂದ. ಅರವಟ್ಟಿಗೆಯ ಪಾನಕ ಮಾಡುವವರು ಹಬ್ಬದ ಹಿಂದಿನ ರಾತ್ರಿಯೇ ಬೆಲ್ಲವನ್ನು ಕುಟ್ಟಿ ನೀರಿನಲ್ಲಿ ನೆನೆಹಾಕುತ್ತಾರೆ. ಬೆಲ್ಲವನ್ನು ಕಾಯಿಸಿ ಕರಗಿಸಿದರೆ ಕೆಲಸ ಬೇಗನೆ ಮುಗಿಯುತ್ತದಾದರೂ ಪಾನಕಕ್ಕೆ ಪಾಕದ ವಾಸನೆ ಹತ್ತುತ್ತದೆ. ಆದ್ದರಿಂದ ತಣ್ಣೀರಿನಲ್ಲಿ ತಾನಾಗಿಯೇ ಕರಗಲು ಬಿಡುವುದು ಕ್ರಮ. ಒಂದು ಲೀಟರ್ ನೀರಿಗೆ 100ರಿಂದ 150 ಗ್ರಾಂ ಬೆಲ್ಲವೆಂಬುದು ಸಾಮಾನ್ಯ ಅಂದಾಜು, ಅಂದರೆ ನಲವತ್ತು ಲೀಟರ್ ಹಿಡಿಯುವ ಕೊಳದಪ್ಪಲೆಗೆ ನಾಲ್ಕರಿಂದ ಆರು ಕಿಲೋ. ಮಂಡ್ಯದ ಕಡೆಯ ಅಚ್ಚುಬೆಲ್ಲವಾದರೆ ತಳದಲ್ಲಿ ಕಬ್ಬಿನ ಸಿಪ್ಪೆಯ ನಾರು, ಸಣ್ಣ ಮರಳು ನಿಲ್ಲುವುದುಂಟು. ಬೆಳಿಗ್ಗೆ ತೆಳು ಪಂಚೆಯಲ್ಲಿ ಎರಡು ಸಲ ಸೋಸಿದ ಮೇಲೆ ಉಳಿಯುವ ಕಂದುನೀರಿಗೆ ಕುಟ್ಟಿದ ಏಲಕ್ಕಿ, ಜಜ್ಜಿದ ಹಸಿಶುಂಠಿಯ ರಸ, ತರಿಯಾಗಿ ಪುಡಿಮಾಡಿದ ಕಾಳುಮೆಣಸು, ಚಿಟಿಕೆ ಉಪ್ಪು, ಬೇಕೆಂದರೆ ಸಾಸಿವೆಕಾಳಿನಷ್ಟು ಪಚ್ಚಕರ್ಪೂರ ಸೇರುತ್ತವೆ. ನಿಂಬೆಯ ರಸಕ್ಕೆ ಕೊನೆಯ ಸರದಿ. ಮೊದಲೇ ಹಿಂಡಿದರೆ ಹೊತ್ತು ಕಳೆದಂತೆ ಒಗರೇರುತ್ತದೆಂದು ಅನುಭವಸ್ಥರು ಅದನ್ನು ಬಡಿಸುವ ಹೊತ್ತಿನವರೆಗೂ ತಡೆಹಿಡಿಯುತ್ತಾರೆ.

ಆದರೆ ರಾಮನವಮಿಯ ಪಾನಕಗಳಲ್ಲಿ ವಿಶೇಷವಾಗಿ ಗಮನಿಸಬೇಕಾದದ್ದು ಬೇಲದ ಹಣ್ಣಿನದು. ಬೇಲವನ್ನು ಪೂಜೆಯ ಬಿಲ್ವದೊಡನೆ ಬೆರೆಸಿ ಹೇಳುವ ರೂಢಿ ಇದ್ದರೂ ಅವೆರಡೂ ಬೇರೆ ಬೇರೆ ಮರಗಳು. ಬೇಲವೆಂದರೆ ಸಂಸ್ಕೃತದ ಕಪಿತ್ಥ, ಕ್ರಿಕೆಟ್ ಚೆಂಡಿನ ಗಾತ್ರ, ಬೂದುಬಿಳುಪಿನ ಒರಟು ಚಿಪ್ಪು, ಮರದಷ್ಟೇ ಗಟ್ಟಿ. ಹಬ್ಬಕ್ಕೆ ನಾಲ್ಕು ದಿನ ಮುಂಚೆ ಕೃಷ್ಣರಾಜ ಮಾರುಕಟ್ಟೆಯಲ್ಲಿಯೂ ಗಾಂಧಿ ಬಜಾರಿನಲ್ಲಿಯೂ ಗೋಣಿತಾಟಿನ ಮೇಲೆ ರಾಶಿಬೀಳುವ ಈ ಹಣ್ಣನ್ನು ಆರಿಸುವುದೇ ಒಂದು ವಿದ್ಯೆ. ಬಣ್ಣ ನೋಡಿ ಫಲವಿಲ್ಲ, ಒತ್ತಿ ನೋಡಿ ಫಲವಿಲ್ಲ. ಆದ್ದರಿಂದ ಬಲ್ಲವರು ಹಣ್ಣನ್ನು ಮೊಳದೆತ್ತರದಿಂದ ನೆಲಕ್ಕೆ ಬಿಡುತ್ತಾರೆ. ಕಾಯಿಯಾಗಿದ್ದರೆ ಠಣ್ಣೆಂದು ಪುಟಿಯುತ್ತದೆ, ಹಣ್ಣಾಗಿದ್ದರೆ ಮಂದವಾದ ಸದ್ದು ಮಾಡಿ ಬಿದ್ದಲ್ಲೇ ಕೂರುತ್ತದೆ. ತೊಟ್ಟಿನ ಕಡೆಯ ವಾಸನೆ ಎರಡನೆಯ ಪರೀಕ್ಷೆ: ಹುಳಿ, ಬೆಲ್ಲ, ಹಳೆಯ ಮರದ ಪೆಟ್ಟಿಗೆ ಈ ಮೂರೂ ಕೂಡಿದಂಥ ಒಂದು ಗಾಢ ಗಂಧ ಮೂಗಿಗೆ ಹತ್ತಿದರೆ ಹಣ್ಣು ಹದವಾಗಿದೆ ಎಂದರ್ಥ. ಒರಳುಕಲ್ಲಿಗೆ ಬಡಿದು ಒಡೆದಾಗ ಕಾಣುವ ಕಂದುಬಣ್ಣದ, ಅಂಟಂಟಾದ, ಬೀಜ ತುಂಬಿದ ತಿರುಳು ನೋಟಕ್ಕೆ ಚೆಲುವಾದದ್ದಲ್ಲ. ಅದನ್ನು ಬೆಲ್ಲದ ನೀರಿನಲ್ಲಿ ಕೈಯಿಂದಲೇ ಕಿವುಚಬೇಕು, ಮಿಕ್ಸಿಗೆ ಹಾಕಿದರೆ ಬೀಜ ನುರಿದು ಕಹಿಯಾಗುತ್ತದೆ. ಕಿವುಚಿದ್ದನ್ನು ದೊಡ್ಡ ಕಣ್ಣಿನ ಜರಡಿಯಲ್ಲಿ ಸೋಸಿದಾಗ ಇಳಿಯುವ ದಪ್ಪನೆಯ ಪಾನಕವನ್ನು ಮೊದಲ ಸಲ ಕುಡಿದವರಲ್ಲಿ ಅರ್ಧದಷ್ಟು ಮಂದಿ ಮುಖ ಸಿಂಡರಿಸುವುದೂ ಉಳಿದರ್ಧ ಮಂದಿ ಎರಡನೆಯ ಲೋಟಕ್ಕೆ ಕೈಚಾಚುವುದೂ ಪ್ರತಿ ನವಮಿಯ ನೋಟ. ಗೆಳೆಯರ ಗುಂಪಿನೊಳಗೆ ಬೇಲದ ಪಕ್ಷ, ಕರಬೂಜದ ಪಕ್ಷ ಎಂಬ ಬಣಗಳು ಹುಟ್ಟುವುದೂ ಆಗಲೇ. ಕರಬೂಜದ ಪಾನಕ ಸೌಮ್ಯ, ಮಕ್ಕಳಿಗೂ ಹಿಡಿಸುವಂಥದ್ದು. ಅದರ ಬಗ್ಗೆ ಹೆಚ್ಚು ಹೇಳಬೇಕಾದದ್ದೇನೂ ಇಲ್ಲ.

ಪಾನಕದ ಜೊತೆಗಾರರು ನೀರುಮಜ್ಜಿಗೆ ಮತ್ತು ಕೋಸಂಬರಿ. ಬೆಣ್ಣೆ ತೆಗೆದ ಮಜ್ಜಿಗೆಗೆ ಮೂರುಪಟ್ಟು ನೀರು ಬೆರೆಸಿ, ಹಸಿಮೆಣಸಿನಕಾಯಿ, ಶುಂಠಿ, ಕೊತ್ತಂಬರಿ, ಕರಿಬೇವುಗಳನ್ನು ಜಜ್ಜಿಹಾಕಿ, ಇಂಗಿನ ನೀರು ಸೇರಿಸಿದರೆ ಮಜ್ಜಿಗೆ ಮುಗಿಯಿತು. ಕೋಸಂಬರಿಯೆಂದರೆ ನೆನೆಸಿದ ಹೆಸರುಬೇಳೆಗೆ ಸೌತೆಕಾಯಿ ಅಥವಾ ಕ್ಯಾರೆಟ್, ತೆಂಗಿನತುರಿ, ನಿಂಬೆರಸ, ಸಾಸಿವೆಯ ಒಗ್ಗರಣೆ ಕೂಡಿಸಿ ಬೇಯಿಸದೆ ಮಾಡುವ ತಿನಿಸು. ಸೌತೆಕಾಯಿ ನೀರು ಬಿಡುವುದರಿಂದ ಉಪ್ಪನ್ನು ಹಂಚುವುದಕ್ಕೆ ಸ್ವಲ್ಪ ಮುಂಚೆ ಹಾಕಬೇಕೆಂಬ ಒಂದೇ ಗುಟ್ಟು ಅದರಲ್ಲಿರುವುದು. ಮುತ್ತುಗದ ಎಲೆಯ ದೊನ್ನೆಯಲ್ಲಿ ಕೊಟ್ಟ ಕೋಸಂಬರಿಗೆ ಎಲೆಯದೇ ಒಂದು ಒಗರು ವಾಸನೆ ಕೂಡಿಕೊಳ್ಳುತ್ತದೆ.

ಬಸವನಗುಡಿ, ವಿಶ್ವೇಶ್ವರಪುರ, ಚಾಮರಾಜಪೇಟೆ, ಪೇಟೆಯ ಗಲ್ಲಿಗಳು, ಮಲ್ಲೇಶ್ವರ ಇವು ನವಮಿಯ ದಿನ ಅಲೆಯುವವರ ಮುಖ್ಯ ಠಾಣೆಗಳು. ದೇವಾಲಯದ ಮುಂದೆ, ಆಟೋ ನಿಲ್ದಾಣದ ಪಕ್ಕ, ಬಟ್ಟೆಯಂಗಡಿಗಳ ಸಾಲಿನ ಕೊನೆಯಲ್ಲಿ, ಎಲ್ಲೆಲ್ಲಿ ನಾಲ್ಕು ಜನ ದಿನವೂ ಕೂಡಿ ಮಾತಾಡುತ್ತಾರೋ ಅಲ್ಲೆಲ್ಲ ಆ ದಿನ ಒಂದು ಮೇಜು, ಮಾವಿನ ತೋರಣ, ರಾಮನ ಪಟ, ಎರಡು ಕೊಳಗ ಇರುತ್ತವೆ. ಕುಡಿಯಲು ಬಂದವರನ್ನು ಅಲ್ಲಿ ಯಾರೂ ಜಾತಿ, ಊರು, ಭಾಷೆ ಕೇಳುವುದಿಲ್ಲ. ‘ಇನ್ನೊಂದು ಲೋಟ ತಗೊಳ್ಳಿ’ ಎಂಬ ಒತ್ತಾಯವೊಂದೇ ಅಲ್ಲಿಯ ಸಂಭಾಷಣೆ. ಮೂರು ಅರವಟ್ಟಿಗೆ ದಾಟುವಷ್ಟರಲ್ಲಿ ಗುಂಪಿನ ಪ್ರತಿಯೊಬ್ಬರೂ ಪರೀಕ್ಷಕರಾಗಿರುತ್ತಾರೆ. ಹಿಂದಿನ ಬೀದಿಯದಕ್ಕೆ ಮೆಣಸು ಸಾಲದು, ಈ ತಿರುವಿನದಕ್ಕೆ ನೀರು ಹೆಚ್ಚು, ದೇವಸ್ಥಾನದ ಬಳಿಯ ಮಜ್ಜಿಗೆಯೇ ಮೇಲು ಎಂಬ ತೀರ್ಪುಗಳು ಬಿಸಿಲಿನಲ್ಲೇ ಹೊರಬೀಳುತ್ತವೆ, ಸಂಜೆಯ ಹೊತ್ತಿಗೆ ಮರೆತೂ ಹೋಗುತ್ತವೆ.

ಸಂಜೆಯ ಸಂಗೀತಕ್ಕೂ ಇದೇ ಹಬ್ಬವೇ ನೆಪ. 1892ರಲ್ಲಿ ರೂಪುಗೊಂಡ ಚಾಮರಾಜಪೇಟೆ ಬಡಾವಣೆಯಲ್ಲಿ 1939ರಲ್ಲಿ ಎಸ್.ವಿ. ನಾರಾಯಣಸ್ವಾಮಿ ರಾವ್ ಅವರು ಆರಂಭಿಸಿದ ಶ್ರೀರಾಮಸೇವಾ ಮಂಡಳಿಯ ರಾಮನವಮಿ ಸಂಗೀತೋತ್ಸವವು ಕೋಟೆ ಪ್ರೌಢಶಾಲೆಯ ಮೈದಾನದ ಚಪ್ಪರದಲ್ಲಿ ಬೆಳೆದು, ಎಂ.ಎಸ್. ಸುಬ್ಬುಲಕ್ಷ್ಮಿ ಅವರಂಥವರ ಕಛೇರಿಗಳಿಗೆ ವೇದಿಕೆಯಾಯಿತು. ಚಪ್ಪರವೆಂಬ ಅದೇ ತಾತ್ಕಾಲಿಕ ರಚನೆ ಒಂದು ಕಡೆ ನೀರಿಗೂ ಇನ್ನೊಂದು ಕಡೆ ನಾದಕ್ಕೂ ನೆರಳಾಗಿರುವುದು ಈ ಊರಿನ ಚೈತ್ರದ ಲಕ್ಷಣ.

ಕರಗದ ರಾತ್ರಿಯ ಅರವಟ್ಟಿಗೆಯ ಸ್ವಭಾವ ಬೇರೆ. ತೋಟಗಾರಿಕೆಯನ್ನು ಕುಲವೃತ್ತಿಯಾಗಿ ಉಳ್ಳ ತಿಗಳ ಸಮುದಾಯದ ಈ ಉತ್ಸವದಲ್ಲಿ, ಮಲ್ಲಿಗೆಯ ಹೊದಿಕೆಯಡಿಯ ಕರಗವನ್ನು ತಲೆಯ ಮೇಲಿಟ್ಟುಕೊಂಡವರು ಖಡ್ಗಧಾರಿಗಳಾದ ವೀರಕುಮಾರರ ನಡುವೆ ಇರುಳೆಲ್ಲ ಪೇಟೆಯ ಬೀದಿಗಳಲ್ಲಿ ಸಾಗುತ್ತಾರೆ. ಕಾಟನ್‌ಪೇಟೆಯ ಮಸ್ತಾನ್ ಸಾಬ್ ದರ್ಗಾಕ್ಕೆ ಭೇಟಿಕೊಟ್ಟು ಬೆಳಗಿನ ಹೊತ್ತಿಗೆ ಗುಡಿಗೆ ಮರಳುತ್ತಾರೆ. ನಿದ್ದೆಗೆಟ್ಟು ಕಾದ ಸಾವಿರಾರು ಜನರಿಗೆ ಅಂಗಡಿಗಳ ಜಗುಲಿಗಳಲ್ಲಿ ಪಾನಕ, ಮಜ್ಜಿಗೆಗಳ ಜೊತೆಗೆ ಪುಳಿಯೋಗರೆ, ಮೊಸರನ್ನಗಳೂ ಸಿಗುತ್ತವೆ. ನಡುರಾತ್ರಿ ಎರಡು ಗಂಟೆಗೆ ಮುಚ್ಚಿದ ಬಾಗಿಲಿನ ಚಿನ್ನಬೆಳ್ಳಿ ಅಂಗಡಿಯ ಮೆಟ್ಟಿಲ ಮೇಲೆ ಕುಳಿತು, ಮಲ್ಲಿಗೆಯ ವಾಸನೆಯಲ್ಲಿ, ಬೆರಳಿನಿಂದ ಮೊಸರನ್ನ ತಿನ್ನುವ ಸುಖಕ್ಕೆ ಹಗಲಿನ ಬೆಂಗಳೂರಿನಲ್ಲಿ ಸಾಟಿಯಿಲ್ಲ.

ಈ ಹಬ್ಬದ ಹಿಂದೆ ನೀರಿನ ನೆನಪೂ ಇದೆ. 1890ರ ದಶಕದಲ್ಲಿ ಹೆಸರಘಟ್ಟದ ನೀರು ಕೊಳವೆಗಳಲ್ಲಿ ಬರುವ ಮುನ್ನ ಊರು ನಂಬಿದ್ದು ಕೆರೆ, ಕಲ್ಯಾಣಿ, ಬಾವಿಗಳನ್ನು. ಅವುಗಳಲ್ಲಿ ಧರ್ಮಾಂಬುಧಿ ಕೆರೆಯ ಜಾಗದಲ್ಲಿ ಈಗ ಕೆಂಪೇಗೌಡ ಬಸ್ ನಿಲ್ದಾಣವಿದೆ, ಸಂಪಂಗಿ ಕೆರೆಯ ಅಂಗಳದಲ್ಲಿ ಕಂಠೀರವ ಕ್ರೀಡಾಂಗಣವಿದೆ. ಕರಗದ ವಿಧಿಗಳಿಗೆಂದು ಸಂಪಂಗಿ ಕೆರೆಯ ಒಂದು ಚಿಕ್ಕ ಹೊಂಡವಷ್ಟೇ ಉಳಿದಿದೆ. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ ಬಡಾವಣೆಗಳು ಟ್ಯಾಂಕರಿನ ದಾರಿ ಕಾಯುತ್ತಿದ್ದಾಗ, ಅಪರಿಚಿತನಿಗೆ ಒಂದು ಲೋಟ ನೀರನ್ನು ಸುಮ್ಮನೆ ಕೊಡುವುದು ಎಷ್ಟು ದೊಡ್ಡ ದಾನವೆಂಬುದು ಬಹಳ ಜನಕ್ಕೆ ಹೊಸದಾಗಿ ಅರಿವಾಗಿರಬೇಕು.

ಅರವಟ್ಟಿಗೆಗಳ ಸಂಖ್ಯೆ ಕುಗ್ಗಿದೆ ಎನ್ನುವುದಕ್ಕಿಂತ ಅವುಗಳ ಚಹರೆ ಬದಲಾಗಿದೆ ಎನ್ನುವುದು ಸರಿ. ಹರವಿಯ ಜಾಗಕ್ಕೆ ಪ್ಲಾಸ್ಟಿಕ್ ಡ್ರಮ್ಮು, ದೊನ್ನೆಯ ಜಾಗಕ್ಕೆ ಕಾಗದದ ಬಟ್ಟಲು, ಬಾವಿಯ ನೀರಿನ ಜಾಗಕ್ಕೆ ಕ್ಯಾನಿನ ನೀರು ಬಂದಿವೆ. 2016ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಪ್ಲಾಸ್ಟಿಕ್ ಲೋಟ, ತಟ್ಟೆ, ಚೀಲಗಳನ್ನು ನಿಷೇಧಿಸಿತಾದರೂ ನವಮಿಯ ಸಂಜೆ ಚರಂಡಿಯ ಬದಿಯಲ್ಲಿ ಉರುಳಾಡುವ ಲೋಟಗಳಿಗೆ ಆ ಆದೇಶ ಇನ್ನೂ ತಲುಪಿದಂತಿಲ್ಲ. ಇನ್ನು ಕೆಲವು ಚಪ್ಪರಗಳಲ್ಲಿ ರಾಮನ ಪಟಕ್ಕಿಂತ ದಾನಿಗಳ ಮುಖಗಳುಳ್ಳ ಫ್ಲೆಕ್ಸು ದೊಡ್ಡದು, ಪಾನಕ ಮಾತ್ರ ಬರಿಯ ಬಣ್ಣದ ನೀರು. ಆನೆ ನುಂಗಿದ ಬೇಲದ ಹಣ್ಣು ಹೊರಗೆ ಇಡಿಯಾಗಿ ಕಂಡರೂ ಒಳಗೆ ತಿರುಳಿರದು ಎಂಬ ‘ಗಜಭುಕ್ತ ಕಪಿತ್ಥ’ ನ್ಯಾಯವನ್ನು ಸಂಸ್ಕೃತದವರು ಇಂಥದ್ದಕ್ಕೆಂದೇ ಮಾಡಿಟ್ಟಂತಿದೆ. ಇವುಗಳ ನಡುವೆಯೂ ಬೆಲ್ಲವನ್ನು ರಾತ್ರಿಯೇ ನೆನೆಹಾಕುವ, ಪಂಚೆಯಲ್ಲಿ ಎರಡು ಸಲ ಸೋಸುವ ಗೆಳೆಯರ ಗುಂಪುಗಳು ಪೇಟೆಯಲ್ಲಿ ಉಳಿದಿವೆ. ಆ ಗುಂಪುಗಳಲ್ಲಿ ತಲೆ ನರೆಯದವರು ಕಡಿಮೆ.

ಹಬ್ಬ ಕಳೆದ ಮೇಲೂ ಒಂದಷ್ಟು ದಿನ ಉಳಿಯುವ ಅರವಟ್ಟಿಗೆ ಎಂದರೆ ಮರದಡಿಯ ಹರವಿ. ಹೊಸ ಚಿಗುರಿನ ಹೊಂಗೆಯ ನೆರಳಿನಲ್ಲಿ, ಮೂರು ಇಟ್ಟಿಗೆಗಳ ಮೇಲೆ ಕೂತ ಆ ಹರವಿಗೆ ಮರದ ಮುಚ್ಚಳ, ಮುಚ್ಚಳದ ಮೇಲೆ ಸ್ಟೀಲಿನ ಲೋಟ, ಲೋಟ ಯಾರ ಪಾಲೂ ಆಗದಿರಲೆಂದು ಅದರ ಕಿವಿಗೊಂದು ತೆಳು ಸರಪಳಿ. ಬೆಳಿಗ್ಗೆ ಆಟೋ ಚಾಲಕರಲ್ಲಿ ಒಬ್ಬರು ಅದನ್ನು ತುಂಬಿಸುತ್ತಾರೆ, ಹೂ ಮಾರುವವಳು ಮಧ್ಯಾಹ್ನ ಮತ್ತೊಮ್ಮೆ. ಏಪ್ರಿಲ್ ಕೊನೆಯಲ್ಲಿ ಭರಣಿ ಮಳೆಯ ಮೊದಲ ಹನಿ ಬಿದ್ದ ಸಂಜೆ ಹರವಿಯನ್ನು ಬೋರಲು ಹಾಕುತ್ತಾರೆ. ಲೋಟ ಯಾರದೋ ಮನೆಗೆ ಹೋಗುತ್ತದೆ, ಸರಪಳಿ ಮಾತ್ರ ಮರದ ಮೊಳೆಗೆ ಹಾಗೆಯೇ ತೂಗಾಡುತ್ತಾ ಮಳೆಗಾಲವಿಡೀ ತುಕ್ಕು ಹಿಡಿಯುತ್ತಿರುತ್ತದೆ.