ವಿಮಾನಯಾನದಲ್ಲಿ ನಾದಪಥ

ಆದಿಕಾಲದ ವೈಮಾನಿಕರಿಗೆ ನದಿ, ರೈಲುಹಾದಿ, ಊರುಗಳೇ ದಾರಿಯ ಗುರುತುಗಳಾಗಿದ್ದುವು. ಮಂಜು ಕವಿದರೆ ಇವೆಲ್ಲವೂ ಮರೆಯಾಗುತ್ತಿದ್ದುವು. ದಿಕ್ಸೂಚಿಯು ವಿಮಾನದ ಮುಖ ಎತ್ತಲೆಂಬುದನ್ನು ತೋರಿಸುತ್ತಿದ್ದಿತೇ ಹೊರತು, ಅಡ್ಡಗಾಳಿಯು ಅದನ್ನು ಎಷ್ಟು ದೂರ ಪಕ್ಕಕ್ಕೆ ತಳ್ಳಿತೆಂಬುದನ್ನು ತಿಳಿಸಲಾರದಾಗಿದ್ದಿತು. ಈ ಕೊರತೆಯನ್ನು ನೀಗಲು 1920ರ ದಶಕದ ಕೊನೆಯಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಸ್ಥಾಪಿತವಾದ ನಾಲ್ಕು ಪಥಗಳ ರೇಡಿಯೋ ನಿಲಯಗಳು, ದಾರಿ ಹುಡುಕುವ ಕೆಲಸವನ್ನು ಕಿವಿಗೆ ಒಪ್ಪಿಸಿದುವು.

ಇವುಗಳ ಮೂಲತತ್ತ್ವವನ್ನು ಜರ್ಮನಿಯ ಆಟೋ ಶೆಲ್ಲರನು 1907ರಲ್ಲಿಯೇ ನಿರೂಪಿಸಿದ್ದನು. ತಂತಿಯ ಎರಡು ದೊಡ್ಡ ಚೌಕಟ್ಟುಗಳನ್ನು ಒಂದಕ್ಕೊಂದು ಅಡ್ಡವಾಗಿ ನಿಲ್ಲಿಸಿದರೆ, ಪ್ರತಿಯೊಂದರ ಅಲೆಯೂ ತಾನು ಚಾಚಿದ ಎರಡು ಕಡೆಗೆ ಪ್ರಬಲವಾಗಿಯೂ, ಅದಕ್ಕೆ ಅಡ್ಡಲಾದ ಕಡೆಗೆ ಕ್ಷೀಣವಾಗಿಯೂ ಹರಡುತ್ತದೆ. ಒಂದರಿಂದ ಮೋರ್ಸ್ ಸಂಕೇತದ ‘ಎ’, ಇನ್ನೊಂದರಿಂದ ‘ಎನ್’ ಹೊರಡುತ್ತಿದ್ದುವು. ಛಂದಸ್ಸಿನ ಮಾತಿನಲ್ಲಿ ಹೇಳುವುದಾದರೆ, ಮೊದಲನೆಯದು ಲಘು–ಗುರು, ಎರಡನೆಯದು ಗುರು–ಲಘು. ಆದರೆ ಇಲ್ಲಿಯ ಗುರುವಿಗೆ ಲಘುವಿನ ಮೂರರಷ್ಟು ಕಾಲ. ಒಂದರ ಮೌನವನ್ನು ಇನ್ನೊಂದರ ಧ್ವನಿಯು ತುಂಬುವಂತೆ ಇವನ್ನು ಹೆಣೆಯಲಾಗಿದ್ದಿತು. ಎರಡೂ ಸಮಬಲವಾಗಿ ಕೇಳಿಬರುವೆಡೆಯಲ್ಲಿ ಅಕ್ಷರಗಳು ಅಳಿದು ಒಂದೇ ಅಖಂಡ ನಾದ ಉಳಿಯುತ್ತಿದ್ದಿತು. ಅದೇ ಸರಿಯಾದ ಹಾದಿ. ನಿಲಯದ ನೆತ್ತಿಯ ಮೇಲೆ ಬಂದಾಗ ಆ ನಾದವೂ ಕ್ಷಣಕಾಲ ಅಡಗುತ್ತಿದ್ದಿತು.

ಆದರೆ ಎದುರುಬದುರಾದ ಎರಡು ಕ್ಷೇತ್ರಗಳಲ್ಲಿಯೂ ಒಂದೇ ಅಕ್ಷರ ಕೇಳುತ್ತಿದ್ದುದರಿಂದ, ದಾರಿ ತಪ್ಪಿದವನಿಗೆ ತಾನು ಯಾವುದರಲ್ಲಿರುವೆನೆಂಬುದು ಒಡನೆಯೇ ತಿಳಿಯುತ್ತಿರಲಿಲ್ಲ. ಗೊತ್ತಾದ ದಿಕ್ಕಿನಲ್ಲಿ ಸ್ವಲ್ಪ ಹೊತ್ತು ಹಾರಿ, ಧ್ವನಿಯು ಏರುವುದೋ ಇಳಿಯುವುದೋ ಎಂದು ಆಲಿಸಿ ನಿರ್ಣಯಿಸಬೇಕಾಗಿದ್ದಿತು. ಬೆಟ್ಟಗಳ ನಡುವೆ ಈ ನಿರ್ಣಯ ತಪ್ಪಿದರೆ ಪ್ರಾಣಕ್ಕೇ ಅಪಾಯ. ಗುಡುಗುಮಳೆಯಲ್ಲಿ, ಎಂದರೆ ಸಹಾಯವು ಅತ್ಯಗತ್ಯವಾದ ಹೊತ್ತಿನಲ್ಲಿಯೇ, ಸಿಡಿಲಿನ ಗದ್ದಲದಲ್ಲಿ ನಾದವು ಮುಳುಗಿಹೋಗುತ್ತಿದ್ದಿತು. ರಾತ್ರಿಯಲ್ಲಿ ಮೇಲಿನ ವಾಯುಮಂಡಲದಿಂದ ಪ್ರತಿಫಲಿಸಿದ ಅಲೆಗಳು ಬೆರೆತು ಪಥವೇ ಓಲಾಡುತ್ತಿದ್ದಿತು. ಇಂಗ್ಲೆಂಡಿನ ಫ್ರಾಂಕ್ ಆಡ್‌ಕಾಕನು 1919ರಲ್ಲಿ ಪೇಟೆಂಟು ಪಡೆದ ಲಂಬಸ್ತಂಭಗಳ ಏರ್ಪಾಡನ್ನು ಚೌಕಟ್ಟುಗಳಿಗೆ ಬದಲಾಗಿ ಬಳಸಿದ ಮೇಲೆ ಈ ಕೊನೆಯ ದೋಷವು ಬಹುಮಟ್ಟಿಗೆ ತಗ್ಗಿತು.

ಇದೇ ತತ್ತ್ವವನ್ನು ಕಣ್ಣಿಗೆ ಕಾಣಿಸುವ ಪ್ರಯತ್ನವೂ ನಡೆದಿದ್ದಿತು. 1929ರ ಸೆಪ್ಟೆಂಬರ್ 24ರಂದು ನ್ಯೂಯಾರ್ಕಿನ ಬಳಿಯ ಮಿಚೆಲ್ ಫೀಲ್ಡಿನಲ್ಲಿ ಜೇಮ್ಸ್ ಡೂಲಿಟಲನು ಮುಸುಕಿನೊಳಗೆ ಕುಳಿತು, ಹೊರಗೇನನ್ನೂ ನೋಡದೆ ಹಾರಿ ಇಳಿದಾಗ, ಅವನಿಗೆ ನೆರವಾದ ಸಾಧನಗಳಲ್ಲಿ ಕಂಪಿಸುವ ಎರಡು ಲೋಹದ ಪಟ್ಟಿಗಳೂ ಇದ್ದುವು. ಎರಡರ ಕಂಪನವೂ ಸಮವಾದರೆ ಹಾದಿ ಸರಿಯೆಂದು ಅರ್ಥ.

ಎರಡನೆಯ ಮಹಾಯುದ್ಧದ ತರುವಾಯ, ಸುತ್ತಲಿನ ಯಾವ ದಿಕ್ಕನ್ನಾದರೂ ಮುಳ್ಳಿನಿಂದ ತೋರಿಸಬಲ್ಲ ವಿ.ಓ.ಆರ್. ನಿಲಯಗಳು ಬಂದು ಎ–ಎನ್ ನಿಲಯಗಳು ಕ್ರಮೇಣ ಮರೆಯಾದುವು. ಆದರೆ ಅವುಗಳ ತತ್ತ್ವವು ಅಳಿಯಲಿಲ್ಲ. ವಿಮಾನವನ್ನು ಓಡುಹಾದಿಯ ನೇರಕ್ಕೆ ತರುವ ಇಂದಿನ ರೇಡಿಯೋ ಸಾಧನವೂ, ಸೆಕೆಂಡಿಗೆ 90 ಮತ್ತು 150 ಕಂಪನಗಳ ಎರಡು ಸಂಕೇತಗಳನ್ನು ಹೋಲಿಸಿ, ಅವು ಸಮವಾಗುವೆಡೆಯನ್ನೇ ಸರಿಯಾದ ದಾರಿಯೆಂದು ತಿಳಿಸುತ್ತದೆ.